ಮಿದುಳಿನ ಗಡ್ಡೆಯ ಜೀನುಗಳೂ ರೋಗಿಯ ಆಯುಸ್ಸೂ

ಸುಳ್ಯದಿಂದ ಸಂಪಾಜೆಯ ಕಡೆಗೆ ಪ್ರಯಾಣ ಮಾಡಿದವರು ಸೋಗೆ ಹಳದಿಯಾದ ಅಡಿಕೆ ಮರಗಳನ್ನು ನೋಡಿರಬೇಕು. ಸೋಗೆ ಹಳದಿಯಾಗುವುದಕ್ಕೆ ಕಾರಣ ಒಂದೇ ಎಂದು ತಿಳಿಯಬಾರದು. ಬುಡದಲ್ಲಿ ನೀರು ಬಸಿಯದೆ ನಿಂತರೂ ಅದು ಹಳದಿಯಾದೀತು. ಮಣ್ಣಿನಲ್ಲಿ ಪೋಷಕಾಂಶಗಳು ಸಾಲದಿದ್ದರೂ ಹಳದಿಯಾದೀತು. ಫೈಟೊಪ್ಲಾಸ್ಮ ಎಂಬ, ಕೋಶಭಿತ್ತಿಯಿಲ್ಲದ ಒಂದು ಬಗೆಯ ಬ್ಯಾಕ್ಟೀರಿಯವು ಮರದ ರಸವಾಹಿನಿಗಳನ್ನು ಹೊಕ್ಕರೂ ಹಳದಿಯಾದೀತು. ದಾರಿಹೋಕನ ಕಣ್ಣಿಗೆ ಮೂರರ ಬಣ್ಣವೂ ಒಂದೇ. ತೋಟದ ಒಡೆಯನ ಪಾಲಿಗೆ ಹಾಗಲ್ಲ. ಮೊದಲನೆಯದಕ್ಕೆ ಚರಂಡಿ ತೋಡಬೇಕು, ಎರಡನೆಯದಕ್ಕೆ ಗೊಬ್ಬರ ಹಾಕಬೇಕು. ಮೂರನೆಯದಾದರೆ ಇದುವರೆಗೆ ಮದ್ದಿಲ್ಲ, ತೋಟವು ವರ್ಷದಿಂದ ವರ್ಷಕ್ಕೆ ಸೊರಗುತ್ತ ಹೋಗುತ್ತದೆ. ಹಳದಿಯ ಹಿಂದೆ ಏನಿದೆ ಎಂಬುದನ್ನು ವಿಚಾರಿಸದೆ, ಹಳದಿ ಎಷ್ಟಿದೆ ಎಂಬುದನ್ನಷ್ಟೇ ನೋಡಿ ತೋಟದ ಭವಿಷ್ಯವನ್ನು ನುಡಿಯಹೊರಟವನು ಎಷ್ಟೋ ಸಲ ಎಡವುವನು.

ಮನುಷ್ಯನ ಮಿದುಳಿನಲ್ಲಿ ಬೆಳೆಯುವ ಕೆಲವು ಗಡ್ಡೆಗಳ ವಿಷಯದಲ್ಲಿ ವೈದ್ಯಶಾಸ್ತ್ರವು ಬಹುಕಾಲ ಈ ದಾರಿಹೋಕನ ಸ್ಥಿತಿಯಲ್ಲಿಯೇ ಇತ್ತು. ಅದು ಅಲ್ಲಿಂದ ಮುಂದಕ್ಕೆ ಬಂದ ಬಗೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಈ ಲೇಖನಕ್ಕೆ ಒಂದು ನಿಮಿತ್ತವುಂಟು. ಕಡಬದ ಕಡೆಯಿಂದ ಪುತ್ತೂರಿಗೆ ಬಂದು ಬಿ.ಎಸ್ಸಿ. ಓದುತ್ತಿರುವ ನನ್ನ ವಿದ್ಯಾರ್ಥಿಯೊಬ್ಬನು ಒಂದು ಸಂಜೆ, ಪ್ರಯೋಗಶಾಲೆಯ ಬಾಗಿಲು ಹಾಕುವ ಹೊತ್ತಿಗೆ, ಎರಡು ಹಾಳೆಗಳ ವರದಿಯೊಂದನ್ನು ನನ್ನ ಮುಂದಿಟ್ಟನು. ಅವನ ತಂದೆ ಐವತ್ತು ದಾಟಿದ ಕೃಷಿಕರು. ಬಲಗೈಯಲ್ಲಿ ಶಕ್ತಿ ಕುಂದಿ, ಒಂದು ದಿನ ಅಂಗಳದಲ್ಲಿಯೇ ಅಪಸ್ಮಾರ ಬಂದು ಬಿದ್ದ ಮೇಲೆ ಅವರಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ವರದಿಯಲ್ಲಿ ರೋಗದ ಹೆಸರು ಗ್ಲಯೋಬ್ಲಾಸ್ಟೋಮ ಎಂದಿತ್ತು. ಅದರ ಕೆಳಗೆ ಎರಡು ಸಾಲುಗಳು: ಐ.ಡಿ.ಎಚ್. ಜೀನು ಸಹಜ ರೂಪದಲ್ಲಿದೆ, ಎಂ.ಜಿ.ಎಂ.ಟಿ. ಜೀನಿನ ಮೇಲೆ ಮಿಥೈಲ್ ಗುರುತು ಕಂಡುಬಂದಿಲ್ಲ. “ಸಹಜ ಎಂದರೆ ಒಳ್ಳೆಯದಲ್ಲವೆ, ಸರ್?” ಎಂದು ಹುಡುಗನು ಕೇಳಿದನು. ಸ್ವಲ್ಪ ತಡೆದು, “ಎಷ್ಟು ತಿಂಗಳು ಎಂಬುದನ್ನು ಇದರಲ್ಲಿ ಎಲ್ಲಿ ಬರೆದಿದ್ದಾರೆ?” ಎಂದನು.

ನಾನು ವೈದ್ಯನಲ್ಲ. ಚಿಕಿತ್ಸೆಯ ಮಾತನ್ನು ವೈದ್ಯರಲ್ಲಿಯೇ ಕೇಳತಕ್ಕದ್ದೆಂದು ಅವನಿಗೆ ಹೇಳಿದೆ. ಆದರೆ ಅವನ ಎರಡನೆಯ ಪ್ರಶ್ನೆ ಕೇವಲ ವೈದ್ಯಶಾಸ್ತ್ರದ್ದಲ್ಲ. ಒಂದು ಗುಂಪಿನ ವಿಷಯದಲ್ಲಿ ನಿಜವಾದ ಸಂಖ್ಯೆಯು ಅದರೊಳಗಿನ ಒಬ್ಬನ ವಿಷಯದಲ್ಲಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬ ಈ ಪ್ರಶ್ನೆಯನ್ನು ವಿಕಿರಣಶೀಲ ಪರಮಾಣುಗಳ ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಅದು ಹೀಗೆ ಜೀವತಳೆದು ಬಾಗಿಲಲ್ಲಿ ಬಂದು ನಿಂತೀತೆಂದು ಎಣಿಸಿರಲಿಲ್ಲ.

ಮೊದಲು ರೋಗದ ಹೆಸರನ್ನು ತಿಳಿಯೋಣ. ಮಿದುಳಿನಲ್ಲಿ ಸುದ್ದಿಯನ್ನು ಒಯ್ಯುವ ನರಕೋಶಗಳಲ್ಲದೆ, ಅವುಗಳಿಗೆ ಆಧಾರವಾಗಿಯೂ ಪೋಷಕವಾಗಿಯೂ ಇರುವ ಗ್ಲಯಾ ಎಂಬ ಕೋಶಗಳೂ ಇವೆ. ಇವುಗಳಂತೆ ತೋರುವ ಕೋಶಗಳಿಂದಾದ ಗಡ್ಡೆಗಳಿಗೆ ಗ್ಲಯೋಮಗಳೆಂದು ಹೆಸರು. ೧೯೨೬ರಲ್ಲಿ ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವೆ ಕುಶಿಂಗ್ ಎಂಬವರು ಈ ಗಡ್ಡೆಗಳ ವರ್ಗೀಕರಣವೊಂದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಸೂಕ್ಷ್ಮದರ್ಶಕದಲ್ಲಿ ಕಂಡ ಕೋಶಗಳ ಆಕಾರವನ್ನು ನೋಡಿ ಗಡ್ಡೆಗಳನ್ನು ಬೇರ್ಪಡಿಸಿ, ಯಾವ ಬಗೆಯ ಗಡ್ಡೆಯವರು ಶಸ್ತ್ರಚಿಕಿತ್ಸೆಯ ತರುವಾಯ ಎಷ್ಟು ಕಾಲ ಬದುಕಿದರೆಂಬುದನ್ನು ಅವರು ಅದರಲ್ಲಿ ಹೋಲಿಸಿದ್ದರು. ಗಡ್ಡೆಗೆ ಹೆಸರಿಡುವ ಕೆಲಸವೂ ರೋಗಿಯ ಆಯುಸ್ಸನ್ನು ಅಂದಾಜು ಮಾಡುವ ಕೆಲಸವೂ ಆಗಿನಿಂದಲೇ ಜೊತೆಜೊತೆಯಾಗಿ ನಡೆದುಬಂದಿವೆ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು ಇವನ್ನು ನಾಲ್ಕು ದರ್ಜೆಗಳಲ್ಲಿ ಇರಿಸಿತು. ಕೊನೆಯದಾದ ನಾಲ್ಕನೆಯ ದರ್ಜೆ ಅತ್ಯಂತ ಉಗ್ರವಾದುದು. ಗ್ಲಯೋಬ್ಲಾಸ್ಟೋಮವು ಸೇರಿದುದು ಅಲ್ಲಿಗೆ.

ಇದರ ಚಿಕಿತ್ಸೆಯ ಈಗಿನ ಕ್ರಮವು ೨೦೦೫ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಿಂದ ನೆಲೆಗೊಂಡಿತು. ಯೂರೋಪು ಮತ್ತು ಕೆನಡಗಳ ೫೭೩ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಿಕಿರಣವನ್ನು ಮಾತ್ರ, ಇನ್ನೊಂದಕ್ಕೆ ವಿಕಿರಣದೊಡನೆ ಟೆಮೊಜೊಲೊಮೈಡ್ ಎಂಬ ಔಷಧವನ್ನೂ ಕೊಟ್ಟರು. ವಿಕಿರಣದ ಪ್ರಮಾಣ ೬೦ ಗ್ರೇ. ವಾರಕ್ಕೆ ಐದು ದಿನದಂತೆ ಆರು ವಾರ, ದಿನಕ್ಕೆ ೨ ಗ್ರೇ. (ಗ್ರೇ ಎಂದರೆ ಒಂದು ಕಿಲೋಗ್ರಾಮಿಗೆ ಒಂದು ಜೌಲ್ ಶಕ್ತಿ. ೬೦ ಗ್ರೇ ಶಕ್ತಿಯೆಲ್ಲವೂ ಶಾಖವಾಗಿ ನೀರಿಗೆ ಸೇರಿದರೆ ಅದರ ಉಷ್ಣತೆ ಒಂದು ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಏರೀತು, ಅಷ್ಟೆ. ಕೋಶವನ್ನು ಕೊಲ್ಲುವುದು ಶಾಖವಲ್ಲ, ಡಿ.ಎನ್.ಎ. ಎಳೆಗಳು ತುಂಡಾಗುವುದು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.) ಫಲವೇನಾಯಿತೆಂದರೆ, ವಿಕಿರಣ ಮಾತ್ರ ಪಡೆದವರ ಬದುಕಿನ ಮಧ್ಯಾಂಕವು ೧೨.೧ ತಿಂಗಳು, ಔಷಧವನ್ನೂ ಪಡೆದವರದು ೧೪.೬ ತಿಂಗಳು. ಮಧ್ಯಾಂಕವೆಂದರೆ ಆ ಗುಂಪಿನ ಅರ್ಧದಷ್ಟು ಮಂದಿ ಅದರೊಳಗೆ ತೀರಿಕೊಂಡರು, ಅರ್ಧದಷ್ಟು ಮಂದಿ ಅದನ್ನು ದಾಟಿದರು ಎಂದರ್ಥ. ಭೌತಶಾಸ್ತ್ರದಲ್ಲಿ ನಾವು ಅರ್ಧಾಯು ಎನ್ನುವುದಕ್ಕೆ ಇದು ಬಹಳ ಹತ್ತಿರದ ಸಂಬಂಧಿ.

ಇನ್ನು ರೋಗವನ್ನು ಸ್ವಲ್ಪ ಬದಿಗಿಟ್ಟು ಒಂದು ಆಟವನ್ನು ಆಡೋಣ. ಐವತ್ತು ನಾಣ್ಯಗಳನ್ನೂ ಆರು ಮುಖದ ಐವತ್ತು ದಾಳಗಳನ್ನೂ ಒಂದೇ ಚೀಲಕ್ಕೆ ಹಾಕಿರಿ. ಚೀಲವನ್ನು ಮೇಜಿನ ಮೇಲೆ ಸುರಿದು, ತಲೆ ಮೇಲಾಗಿ ಬಿದ್ದ ನಾಣ್ಯಗಳನ್ನೂ ಆರು ಮೇಲಾಗಿ ಬಿದ್ದ ದಾಳಗಳನ್ನೂ ತೆಗೆದುಬಿಡಿರಿ. ಉಳಿದವನ್ನು ಎಣಿಸಿ, ಮತ್ತೆ ಚೀಲಕ್ಕೆ ಹಾಕಿ ಸುರಿಯಿರಿ. ನಾಣ್ಯಗಳು ಪ್ರತಿ ಎಸೆತಕ್ಕೂ ಅರ್ಧದಷ್ಟಾಗುತ್ತವೆ. ಅವುಗಳ ಅರ್ಧಾಯು ಒಂದು ಎಸೆತ. ದಾಳಗಳಲ್ಲಿ ಆರನೆಯ ಒಂದು ಪಾಲು ಮಾತ್ರ ಹೋಗುತ್ತದೆ. ಅವುಗಳ ಅರ್ಧಾಯು ಸುಮಾರು ೩.೮ ಎಸೆತ. ಚೀಲದಲ್ಲಿ ಒಟ್ಟು ಉಳಿಯುವ ಸಂಖ್ಯೆ ಸ್ಥೂಲವಾಗಿ ಹೀಗೆ ಇಳಿಯುತ್ತದೆ: ೧೦೦, ೬೭, ೪೭, ೩೫, ೨೭, ೨೨. ಎಂದರೆ ಎರಡನೆಯ ಎಸೆತದ ಹೊತ್ತಿಗೆ ಅರ್ಧ ಮುಗಿಯುತ್ತದೆ.

ಈಗ, ಒಳಗೆ ಏನಿದೆಯೆಂದು ಅರಿಯದವನೊಬ್ಬನು ಈ ಅಂಕೆಗಳನ್ನಷ್ಟೇ ಕಂಡು, ‘ಈ ಚೀಲದ ವಸ್ತುಗಳ ಅರ್ಧಾಯು ಎರಡು ಎಸೆತ’ ಎಂದು ಬರೆದಿಟ್ಟುಕೊಳ್ಳುತ್ತಾನೆನ್ನಿ. ಅವನ ಎಣಿಕೆಯಲ್ಲಿ ತಪ್ಪಿಲ್ಲ. ಆದರೂ ಅವನ ಸಂಖ್ಯೆಯು ನಾಣ್ಯಕ್ಕೂ ಹೊಂದುವುದಿಲ್ಲ, ದಾಳಕ್ಕೂ ಹೊಂದುವುದಿಲ್ಲ. ಎರಡು ಎಸೆತದ ಅರ್ಧಾಯುವುಳ್ಳ ವಸ್ತು ಚೀಲದಲ್ಲಿ ಒಂದೂ ಇರಲಿಲ್ಲ!

ಭೌತಶಾಸ್ತ್ರದಲ್ಲಿ ಇದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಬೆಳ್ಳಿಯ ತುಂಡನ್ನು ನ್ಯೂಟ್ರಾನುಗಳ ನಡುವೆ ಇಟ್ಟು ತೆಗೆದರೆ ಅದು ವಿಕಿರಣಶೀಲವಾಗುತ್ತದೆ. ಅದರ ಚಟುವಟಿಕೆ ಇಳಿಯುವುದನ್ನು ಅಳೆದು ಲಾಗರಿತಮಿನ ಕಾಗದದಲ್ಲಿ ರೇಖೆ ಎಳೆದರೆ, ಅದು ನೇರವಾಗಿರುವುದರ ಬದಲು ಮೊದಲು ಕಡಿದಾಗಿ ಇಳಿದು ಆಮೇಲೆ ಬಾಗಿ ಓರೆಯಾಗುತ್ತದೆ. ರೇಖೆ ಬಾಗಿದುದನ್ನು ಕಂಡೊಡನೆ, ಒಂದೇ ವಸ್ತುವಲ್ಲ, ಎರಡು ಬೆರೆತಿವೆ ಎಂದು ಊಹಿಸಬೇಕು. ನಿಜವಾಗಿಯೂ ಅಲ್ಲಿರುವುದು ೨೪ ಸೆಕೆಂಡು ಅರ್ಧಾಯುವಿನ ಬೆಳ್ಳಿ-೧೧೦ ಮತ್ತು ೨.೪ ನಿಮಿಷ ಅರ್ಧಾಯುವಿನ ಬೆಳ್ಳಿ-೧೦೮. ನಮ್ಮ ಪುಟ್ಟ ಪ್ರಯೋಗಶಾಲೆಯಲ್ಲಿ ನ್ಯೂಟ್ರಾನುಗಳಿಗೆ ಅನುಕೂಲವಿಲ್ಲ. ನಾಣ್ಯ, ದಾಳಗಳೇ ಗತಿ.

ಗ್ಲಯೋಬ್ಲಾಸ್ಟೋಮದ ರೋಗಿಗಳ ಬದುಕಿನ ರೇಖೆಯೂ ಹೀಗೆಯೇ ಕಡಿದಾಗಿ ಇಳಿದು ಆಮೇಲೆ ಬಾಲದಂತೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಹೆಚ್ಚಿನವರು ಒಂದೆರಡು ವರ್ಷಗಳೊಳಗೆ ತೀರಿಕೊಂಡರೂ ಕೆಲವರು ಐದಾರು ವರ್ಷಗಳ ಮೇಲೆಯೂ ಬದುಕಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಇಬ್ಬರ ಗಡ್ಡೆಯೂ ಒಂದೇ ತೆರನಾಗಿ ಕಾಣಬಹುದು. ಹಾಗಾದರೆ ಈ ಒಂದು ಹೆಸರಿನ ಚೀಲದಲ್ಲಿಯೂ ನಾಣ್ಯ ದಾಳಗಳು ಬೆರೆತಿರಬೇಡವೆ? ಇದ್ದರೆ, ಅವನ್ನು ಬೇರ್ಪಡಿಸುವ ಗುರುತು ಯಾವುದು?

ಗುರುತು ದೊರೆತುದು ೨೦೦೮ರಲ್ಲಿ. ಅಮೆರಿಕದ ಸಂಶೋಧಕರು ೨೨ ಗಡ್ಡೆಗಳ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದಿದಾಗ, ಯಾರೂ ನಿರೀಕ್ಷಿಸದ ಒಂದು ಜೀನಿನಲ್ಲಿ ಒಂದೇ ಬಗೆಯ ಬದಲಾವಣೆ ಮತ್ತೆ ಮತ್ತೆ ಕಾಣಿಸಿತು. ಆ ಜೀನೇ ಐ.ಡಿ.ಎಚ್.-೧. ಐಸೊಸಿಟ್ರೇಟ್ ಎಂಬ ವಸ್ತುವನ್ನು ಆಲ್ಫಾ-ಕೀಟೊಗ್ಲುಟರೇಟ್ ಎಂಬುದಾಗಿ ಮಾರ್ಪಡಿಸುವ ಒಂದು ಕಿಣ್ವದ ನಕ್ಷೆ ಅದರಲ್ಲಿದೆ. ಕಿಣ್ವವು ೪೧೪ ಅಮೈನೊ ಆಮ್ಲಗಳ ಸರ. ಡಿ.ಎನ್.ಎ.ಯಲ್ಲಿ ಸಿ-ಜಿ-ಟಿ ಎಂದಿರಬೇಕಾದಲ್ಲಿ ಸಿ-ಎ-ಟಿ ಎಂದಾಗಿ, ೧೩೨ನೆಯ ಮಣಿಯು ಆರ್ಜಿನೀನ್ ಆಗುವುದರ ಬದಲು ಹಿಸ್ಟಿಡೀನ್ ಆಗುತ್ತದೆ. ಒಂದು ಅಕ್ಷರದ ತಪ್ಪು. ಅದರಿಂದ ಕಿಣ್ವವು ತನ್ನ ಕಸುಬನ್ನು ಮರೆತು, ೨-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇರೊಂದು ವಸ್ತುವನ್ನು ತಯಾರಿಸತೊಡಗುತ್ತದೆಂದು ಮರುವರ್ಷ ತಿಳಿದುಬಂತು. ಈ ವಸ್ತುವು ಕೋಶದಲ್ಲಿ ತುಂಬಿಕೊಂಡು, ಯಾವ ಜೀನು ತೆರೆದಿರಬೇಕು ಯಾವುದು ಮುಚ್ಚಿರಬೇಕು ಎಂಬ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ಆಶ್ಚರ್ಯವೆಂದರೆ, ಗಡ್ಡೆಗೆ ನಾಂದಿ ಹಾಡಿದ ಈ ತಪ್ಪನ್ನು ಹೊತ್ತ ರೋಗಿಗಳೇ ಹೆಚ್ಚು ಕಾಲ ಬದುಕುವವರು. ೨೦೦೯ರಲ್ಲಿ ಪ್ರಕಟವಾದ ಅಂಕೆಗಳಂತೆ, ಗ್ಲಯೋಬ್ಲಾಸ್ಟೋಮದವರಲ್ಲಿ ಐ.ಡಿ.ಎಚ್. ಬದಲಾದವರ ಮಧ್ಯಾಂಕ ೩೧ ತಿಂಗಳು, ಸಹಜವಾಗಿದ್ದವರದು ೧೫ ತಿಂಗಳು. ಸೂಕ್ಷ್ಮದರ್ಶಕದಲ್ಲಿ ಇದಕ್ಕಿಂತ ಒಂದು ದರ್ಜೆ ಸೌಮ್ಯವೆಂದು ತೋರುವ ಅನಾಪ್ಲಾಸ್ಟಿಕ್ ಆಸ್ಟ್ರೊಸೈಟೋಮದಲ್ಲಿ ಕ್ರಮವಾಗಿ ೬೫ ಮತ್ತು ೨೦ ತಿಂಗಳು. ಓದುಗರು ಈ ನಾಲ್ಕು ಸಂಖ್ಯೆಗಳನ್ನು ಅಡ್ಡಡ್ಡಲಾಗಿ ಹೋಲಿಸಬೇಕು. ಉಗ್ರವೆಂದು ಹೆಸರಾದ ಗಡ್ಡೆಯಲ್ಲಿ ಗುರುತು ಇದ್ದವನು ೩೧; ಸೌಮ್ಯವೆಂದು ಹೆಸರಾದುದರಲ್ಲಿ ಗುರುತು ಇಲ್ಲದವನು ೨೦! ಎಂಬತ್ತು ವರ್ಷಗಳಿಂದ ಕಣ್ಣು ಕಟ್ಟಿಕೊಟ್ಟ ತಾರತಮ್ಯವನ್ನು ಒಂದು ಅಕ್ಷರವು ತಲೆಕೆಳಗು ಮಾಡಿತು.

ಇದರ ಪರಿಣಾಮವಾಗಿ ರೋಗದ ಹೆಸರೇ ಬದಲಾಯಿತು. ೨೦೨೧ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ, ಪ್ರೌಢರಲ್ಲಿ ಐ.ಡಿ.ಎಚ್. ಬದಲಾದ ಗಡ್ಡೆಯನ್ನು ಗ್ಲಯೋಬ್ಲಾಸ್ಟೋಮವೆಂದು ಕರೆಯುವಂತಿಲ್ಲ. ಅದು ಎಷ್ಟೇ ಉಗ್ರವಾಗಿ ತೋರಿದರೂ ಆಸ್ಟ್ರೊಸೈಟೋಮದ ನಾಲ್ಕನೆಯ ದರ್ಜೆ. ಬೆಳ್ಳಿ-೧೦೮ಕ್ಕೂ ಬೆಳ್ಳಿ-೧೧೦ಕ್ಕೂ ಬೇರೆ ಹೆಸರಿಟ್ಟ ಹಾಗೆಯೇ ಆಯಿತಲ್ಲವೆ? ಬದಲಾದ ಆ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಔಷಧಕ್ಕೆ ೨೦೨೪ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದು ಎರಡನೆಯ ದರ್ಜೆಯ, ಐ.ಡಿ.ಎಚ್. ಬದಲಾದ ಗಡ್ಡೆಗಳಿಗೆ ಮಾತ್ರ. ನನ್ನ ವಿದ್ಯಾರ್ಥಿಯ ಮೊದಲನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಈ ವರದಿಯಲ್ಲಿ ‘ಸಹಜ’ ಎಂಬ ಮಾತು ಒಳ್ಳೆಯ ಸುದ್ದಿಯಲ್ಲ.

ಎಂ.ಜಿ.ಎಂ.ಟಿ.ಯದು ಬೇರೆ ಬಗೆಯ ಕಥೆ. ನನಗೆ ಇದೇ ಹೆಚ್ಚು ಸೊಗಸಾಗಿ ತೋರುತ್ತದೆ. ಟೆಮೊಜೊಲೊಮೈಡ್ ಔಷಧವು ಗಡ್ಡೆಯ ಕೋಶದ ಡಿ.ಎನ್.ಎ.ಯಲ್ಲಿ ಗ್ವಾನೀನ್ ಎಂಬ ಅಕ್ಷರಕ್ಕೆ ಒಂದು ಮಿಥೈಲ್ ಗುಂಪನ್ನು ಅಂಟಿಸುತ್ತದೆ. ಅದು ಹಾಗೆಯೇ ಉಳಿದರೆ ಕೋಶವು ವಿಭಜನೆಯಾಗುವಾಗ ನಕಲು ಕೆಟ್ಟು, ಕೋಶ ಸಾಯುತ್ತದೆ. ಆದರೆ ಎಂ.ಜಿ.ಎಂ.ಟಿ. ಎಂಬ ಪ್ರೋಟೀನು ಆ ಮಿಥೈಲನ್ನು ಕಿತ್ತು ತನ್ನ ಮೈಮೇಲೆ ಹಚ್ಚಿಕೊಳ್ಳುತ್ತದೆ. ಹಚ್ಚಿಕೊಂಡ ಮೇಲೆ ಅದು ನಿರುಪಯೋಗಿ. ಒಂದು ಅಣು ಒಂದೇ ಸಲ ರಿಪೇರಿ ಮಾಡಬಲ್ಲದು. ಆದುದರಿಂದ ಕೋಶದಲ್ಲಿ ಈ ಪ್ರೋಟೀನು ಎಷ್ಟು ತಯಾರಾಗುತ್ತದೆ ಎಂಬುದರ ಮೇಲೆ ಔಷಧದ ಫಲವು ನಿಂತಿದೆ. ಕೆಲವರ ಗಡ್ಡೆಯಲ್ಲಿ ಈ ಜೀನಿನ ಆರಂಭದ ಭಾಗಕ್ಕೆ ಮಿಥೈಲ್ ಗುಂಪುಗಳು ಅಂಟಿಕೊಂಡು ಅದರ ಬಾಗಿಲು ಮುಚ್ಚಿರುತ್ತದೆ. ಆಗ ರಿಪೇರಿಯ ಆಳು ಇಲ್ಲ. ಔಷಧ ಕೆಲಸ ಮಾಡುತ್ತದೆ. (ಅಂಟುವುದು ಎರಡು ಕಡೆಯೂ ಮಿಥೈಲೇ ಆದುದರಿಂದ ಗೊಂದಲಕ್ಕೆ ಎಡೆಯುಂಟು. ಔಷಧವು ಅಂಟಿಸುವುದು ಗ್ವಾನೀನಿಗೆ. ಬಾಗಿಲನ್ನು ಮುಚ್ಚುವುದು ಸೈಟೊಸೀನಿಗೆ ಮೊದಲೇ ಅಂಟಿದ್ದುದು.)

ಮೇಲೆ ಹೇಳಿದ ೨೦೦೫ರ ಪರೀಕ್ಷೆಯ ರೋಗಿಗಳಲ್ಲಿಯೇ ೨೦೬ ಮಂದಿಯ ಗಡ್ಡೆಗಳನ್ನು ಹೀಗೆ ನೋಡಲಾಯಿತು. ನೂರಕ್ಕೆ ಸುಮಾರು ೪೫ ಮಂದಿಯಲ್ಲಿ ಬಾಗಿಲು ಮುಚ್ಚಿತ್ತು. ಅಂಥವರಲ್ಲಿ ಔಷಧ ಪಡೆದವರ ಮಧ್ಯಾಂಕ ೨೧.೭ ತಿಂಗಳು, ವಿಕಿರಣ ಮಾತ್ರ ಪಡೆದವರದು ೧೫.೩. ಬಾಗಿಲು ತೆರೆದಿದ್ದವರಲ್ಲಿ ಅದೇ ಕ್ರಮವಾಗಿ ೧೨.೭ ಮತ್ತು ೧೧.೮. ಅಂದರೆ ಈ ಗುರುತು ಆಯುಸ್ಸಿನ ಅಂದಾಜನ್ನಷ್ಟೇ ಅಲ್ಲ, ಯಾವ ಔಷಧ ಯಾರಿಗೆ ಹಿಡಿಸೀತು ಎಂಬುದನ್ನೂ ಹೇಳುತ್ತದೆ.

ಇವೆಲ್ಲವನ್ನು ಪತ್ತೆ ಮಾಡುವುದು ಹೇಗೆಂದು ಕೇಳಬಹುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿ ಇರಿಸಿ, ನೀರಿನ ಅಂಶವನ್ನು ತೆಗೆದು, ಕರಗಿದ ಮೇಣದಲ್ಲಿ ಹುದುಗಿಸಿ ಗಟ್ಟಿಮಾಡುತ್ತಾರೆ. ಬೆಂಕಿಪೊಟ್ಟಣದಷ್ಟೂ ದೊಡ್ಡದಲ್ಲದ ಈ ಮೇಣದ ಬಿಲ್ಲೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹುಡುಗನ ತಂದೆಯ ಬಿಲ್ಲೆಯು ಮಂಗಳೂರಿನಿಂದ ಶಿರಾಡಿ ಘಾಟಿಯನ್ನು ಏರಿ ಬೆಂಗಳೂರಿಗೆ ಹೋಗಿ ಬಂದಿತ್ತು. ಅಲ್ಲಿ ಅದರಿಂದ ಒಂದು ಮಿಲಿಮೀಟರಿನ ಸಾವಿರದ ನಾಲ್ಕೈದು ಭಾಗದಷ್ಟು ತೆಳುವಾದ ಪದರಗಳನ್ನು ಕೊಯ್ಯುತ್ತಾರೆ. ಐ.ಡಿ.ಎಚ್. ಪರೀಕ್ಷೆ ಸುಲಭ: ಬದಲಾದ ಪ್ರೋಟೀನನ್ನು ಮಾತ್ರ ಹಿಡಿದುಕೊಳ್ಳುವ ಪ್ರತಿಕಾಯವೊಂದನ್ನು ಪದರದ ಮೇಲೆ ಹಾಕಿದರೆ, ಬದಲಾವಣೆ ಇರುವ ಕೋಶಗಳು ಕಂದುಬಣ್ಣವನ್ನು ತಾಳುತ್ತವೆ. ಎಂ.ಜಿ.ಎಂ.ಟಿ.ಗೆ ಒಂದು ಜಾಣ್ಮೆ ಬೇಕು. ಡಿ.ಎನ್.ಎ.ಯನ್ನು ಬೈಸಲ್ಫೈಟ್ ಎಂಬ ಲವಣದಿಂದ ಸಂಸ್ಕರಿಸಿದರೆ, ಮಿಥೈಲ್ ಇಲ್ಲದ ಸೈಟೊಸೀನ್ ಯುರಾಸಿಲ್ ಆಗಿ ಮಾರ್ಪಡುತ್ತದೆ, ಮಿಥೈಲ್ ಇದ್ದುದು ಸೈಟೊಸೀನ್ ಆಗಿಯೇ ಉಳಿಯುತ್ತದೆ. ಹೀಗೆ ಕಣ್ಣಿಗೆ ಕಾಣದ ಅಂಟು ಅಕ್ಷರಗಳ ವ್ಯತ್ಯಾಸವಾಗಿ ಮಾರ್ಪಡುವುದರಿಂದ, ಆ ಭಾಗವನ್ನು ಲಕ್ಷಗಟ್ಟಲೆ ಪ್ರತಿಗಳಾಗಿ ಬೆಳೆಸಿ ಓದಿಕೊಳ್ಳಬಹುದು.

ಈ ಅಂಕೆಗಳೆಲ್ಲ ಯೂರೋಪು, ಅಮೆರಿಕಗಳ ರೋಗಿಗಳವು. ನಮ್ಮವರಿಗೆ ಹೊಂದುತ್ತವೆಯೆ ಎಂಬ ಸಂದೇಹ ಬರುವುದು ನ್ಯಾಯವೇ. ಈ ಕೆಲಸ ನಮ್ಮ ರಾಜ್ಯದಲ್ಲಿಯೇ ಆಗಿದೆಯೆಂಬುದನ್ನು ಸಂತೋಷದಿಂದ ಹೇಳಬಹುದು. ೧೯೭೪ರಲ್ಲಿ ಬೆಂಗಳೂರಿನ ಸರಕಾರಿ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ, ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆ, ಇವೆರಡರ ಸಂಶೋಧಕರು ಗ್ಲಯೋಮಗಳ ಮೇಲೆ ವರ್ಷಗಳ ಕಾಲ ಕೂಡಿ ದುಡಿದಿದ್ದಾರೆ. ನಿಮ್ಹಾನ್ಸಿನ ವಾಣಿ ಸಂತೋಷ್ ಗಡ್ಡೆಗಳ ಲಕ್ಷಣಗಳನ್ನು ಓದುವ ರೋಗಶಾಸ್ತ್ರಜ್ಞೆ, ಅರಿವಳಗನ್ ಶಸ್ತ್ರಚಿಕಿತ್ಸಕರು, ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಜೀವಕೋಶದೊಳಗಿನ ಅಣುಗಳ ವಿಜ್ಞಾನಿ. ೨೦೧೩ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಒಂದು ಅಧ್ಯಯನವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು.

ಹೊಸದಾಗಿ ಗ್ಲಯೋಬ್ಲಾಸ್ಟೋಮವೆಂದು ತಿಳಿದುಬಂದ ೧೨೩ ರೋಗಿಗಳಿಗೆ ಒಂದೇ ಕ್ರಮದ ಚಿಕಿತ್ಸೆಯನ್ನು ಕೊಟ್ಟು, ಅವರನ್ನು ಕಾಲಕಾಲಕ್ಕೆ ನೋಡುತ್ತ ಬಂದರು. ಪ್ರತಿಯೊಬ್ಬರ ಗಡ್ಡೆಯಲ್ಲಿ ೧೭೫ ಜೀನುಗಳು ಎಷ್ಟೆಷ್ಟು ಚುರುಕಾಗಿವೆ ಎಂಬುದನ್ನು ಅಳೆದರು. ಇವುಗಳಲ್ಲಿ ೧೪ ಜೀನುಗಳ ಒಂದು ಕೂಟವು ಆಯುಸ್ಸಿಗೆ ಚೆನ್ನಾಗಿ ಹೊಂದಿತು. ಹದಿನಾಲ್ಕಕ್ಕೂ ಸಮಾನವಾದ ಬೆಲೆ ಕೊಡಲಾಗದು. ತಕ್ಕಡಿಯಲ್ಲಿ ತೂಕದ ಕಲ್ಲು ಮುಳ್ಳಿನಿಂದ ಎಷ್ಟು ದೂರವಿದೆ ಎಂಬುದರ ಮೇಲೆ ಅದರ ಪ್ರಭಾವವಿರುವಂತೆ, ಪ್ರತಿ ಜೀನಿನ ಅಳತೆಯನ್ನೂ ಅದರದರ ಮಹತ್ವಕ್ಕೆ ತಕ್ಕ ಸಂಖ್ಯೆಯಿಂದ ಗುಣಿಸಿ ಕೂಡಿಸಿ ಒಂದು ಅಂಕವನ್ನು ಪಡೆದರು. ಅಂಕದ ಮೇಲೆ ರೋಗಿಗಳನ್ನು ಹೆಚ್ಚು ಅಪಾಯದವರು, ಕಡಮೆ ಅಪಾಯದವರು ಎಂದು ಎರಡು ಮಾಡಿದಾಗ ಇಬ್ಬರ ಬದುಕಿನ ರೇಖೆಗಳೂ ಸ್ಪಷ್ಟವಾಗಿ ದೂರ ಸರಿದುವು. ಬರಿಯ ಆಕಸ್ಮಿಕದಿಂದ ಅಷ್ಟು ದೂರ ಸರಿಯುವ ಸಂಭವವು ಸಾವಿರಕ್ಕೆ ಒಂದಕ್ಕಿಂತಲೂ ಕಡಮೆ.

ಅವರು ಇಲ್ಲಿಗೇ ನಿಲ್ಲಿಸಿದ್ದರೆ ನಾನು ಅದನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ೧೭೫ರಲ್ಲಿ ಬೇಕಾದ ಹದಿನಾಲ್ಕನ್ನು ಆರಿಸುವ ಸ್ವಾತಂತ್ರ್ಯವಿದ್ದವನಿಗೆ ಯಾವುದಾದರೊಂದು ಕೂಟ ಅದೃಷ್ಟದಿಂದಲೇ ಹೊಂದಿಬಿಡಬಹುದು. ಕಳೆದ ವರ್ಷದ ಪ್ರಶ್ನೆಪತ್ರಿಕೆಯನ್ನು ಬಾಯಿಪಾಠ ಮಾಡಿದವನು ಅದೇ ಪತ್ರಿಕೆಯಲ್ಲಿ ನೂರಕ್ಕೆ ನೂರು ಪಡೆದರೆ ಅವನ ವಿದ್ಯೆ ಗೊತ್ತಾಗುವುದಿಲ್ಲ. ಹೊಸ ಪತ್ರಿಕೆ ಕೊಡಬೇಕು. ಬೆಂಗಳೂರಿನವರು ತಮ್ಮ ಸೂತ್ರಕ್ಕೆ ಹೊಸ ಪತ್ರಿಕೆ ಕೊಟ್ಟರು. ಅಮೆರಿಕದ ಕ್ಯಾನ್ಸರ್ ಜೀನುಗಳ ಮಹಾಸಂಗ್ರಹದಲ್ಲಿದ್ದ, ತಾವು ಕಂಡೇ ಇರದ ರೋಗಿಗಳ ಅಂಕೆಗಳ ಮೇಲೆ ಅದನ್ನು ಪ್ರಯೋಗಿಸಿದಾಗ, ಅಲ್ಲಿಯೂ ಹೆಚ್ಚು ಅಪಾಯದವರೂ ಕಡಮೆ ಅಪಾಯದವರೂ ಬೇರ್ಪಟ್ಟರು. ಹೆಚ್ಚು ಅಪಾಯದವರ ಗಡ್ಡೆಗಳಲ್ಲಿ ಉರಿಯೂತಕ್ಕೂ ದೇಹದ ರಕ್ಷಣೆಗೂ ಸಂಬಂಧಿಸಿದ ಜೀನುಗಳು ಚುರುಕಾಗಿದ್ದುದೂ ಕಂಡುಬಂತು. ಇದಕ್ಕೆ ಎರಡು ವರ್ಷ ಮೊದಲು, ೨೦೧೧ರಲ್ಲಿ, ವಿಜ್ಞಾನ ಸಂಸ್ಥೆಯವರು ಮೈಕ್ರೊ ಆರ್.ಎನ್.ಎ. ಎಂಬ ಹತ್ತು ಚಿಕ್ಕ ಅಣುಗಳಿಂದ ಇಂಥದೇ ಸೂತ್ರವನ್ನು ಮಾಡಿದ್ದರು. ಹತ್ತರಲ್ಲಿ ಮೂರು ರೋಗಿಗೆ ಅನುಕೂಲ, ಏಳು ಪ್ರತಿಕೂಲ.

ಇಂಥ ಸೂತ್ರಗಳು ಸಾಮಾನ್ಯ ಆಸ್ಪತ್ರೆಯ ವರದಿಯಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ. ಐ.ಡಿ.ಎಚ್., ಎಂ.ಜಿ.ಎಂ.ಟಿ.ಗಳಂಥ ಒಂಟಿ ಗುರುತುಗಳನ್ನು ಅಳೆಯುವುದು ಸುಲಭ, ಅರ್ಥವೂ ನೇರ. ಹದಿನಾಲ್ಕು ಅಳತೆಗಳನ್ನು ಎಲ್ಲ ಊರುಗಳಲ್ಲಿಯೂ ಒಂದೇ ನಿಷ್ಕೃಷ್ಟತೆಯಿಂದ ಮಾಡುವುದು ಅಷ್ಟು ಸುಲಭವಲ್ಲ.

ಎರಡನೆಯ ಸಂಜೆ ಹುಡುಗನಿಗೆ ನಾಣ್ಯ ದಾಳಗಳ ರೇಖೆಯನ್ನು ಎಳೆಯಲು ಹೇಳಿದೆ. ಎಳೆದ ಮೇಲೆ ಅವನು ತಲೆಯೆತ್ತದೆ, “ಹಾಗಾದರೆ ನನ್ನ ತಂದೆ ನಾಣ್ಯವೋ, ದಾಳವೋ?” ಎಂದನು. ವರದಿಯ ಎರಡು ಸಾಲುಗಳಂತೆ ನಾಣ್ಯಗಳ ಗುಂಪಿನವರು ಎಂದು ಹೇಳಲೇಬೇಕಾಯಿತು. ಸುಳ್ಳು ಹೇಳಿದ್ದರೆ ಅವನೇ ಲೆಕ್ಕ ಮಾಡಿ ಕಂಡುಕೊಳ್ಳುತ್ತಿದ್ದನು.

ಆದರೆ ಅದರ ಮುಂದಿನ ಮಾತೂ ಅಷ್ಟೇ ನಿಜವೆಂದು ಹೇಳಿದೆ. ನಾಣ್ಯಗಳಲ್ಲಿ ಅರ್ಧ ಒಂದನೆಯ ಎಸೆತಕ್ಕೆ ಹೋಗುತ್ತವೆ. ಕೆಲವು ಐದನೆಯ ಎಸೆತಕ್ಕೂ ಚೀಲದಲ್ಲಿ ಉಳಿದಿರುತ್ತವೆ. ಯಾವ ನಾಣ್ಯ ಉಳಿದೀತೆಂಬುದು ನಾಣ್ಯದ ಮೇಲೆ ಬರೆದಿಲ್ಲ. ಬಾಗಿಲು ತೆರೆದಿದ್ದ ಗುಂಪಿನ ಎರಡು ಮಧ್ಯಾಂಕಗಳನ್ನು, ೧೨.೭ ಮತ್ತು ೧೧.೮ನ್ನು, ಮಾತ್ರ ನೋಡಿದವನು ಔಷಧವು ಇವರಿಗೆ ವ್ಯರ್ಥವೆಂದಾನು. ಅದೇ ಪರೀಕ್ಷೆಯಲ್ಲಿ ಎರಡು ವರ್ಷ ಕಳೆದ ಮೇಲೆ ಬದುಕಿದ್ದವರನ್ನು ಎಣಿಸಿದರೆ, ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು ೧೪, ಪಡೆಯದವರಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಮಧ್ಯಾಂಕವು ರೇಖೆಯ ನಡುವನ್ನು ಮಾತ್ರ ನೋಡುತ್ತದೆ. ಬಾಲದಲ್ಲಿ ಏನಿದೆಯೆಂಬುದು ಅದಕ್ಕೆ ಕಾಣುವುದಿಲ್ಲ. ಈ ಗುಂಪಿನ ಮಟ್ಟಿಗೆ ಆ ವ್ಯತ್ಯಾಸವು ಆಕಸ್ಮಿಕವಿರಬಹುದೆಂಬ ಸಂದೇಹವನ್ನು ಆ ಅಧ್ಯಯನವು ಪೂರ್ತಿಯಾಗಿ ನೀಗಲಿಲ್ಲವೆಂಬುದನ್ನೂ ಮುಚ್ಚಿಡಬಾರದು. ಆದರೂ ವೈದ್ಯರು ಬಹುಮಟ್ಟಿಗೆ ಇಂಥವರಿಗೂ ಅದನ್ನು ಕೊಡುತ್ತಾರೆ. ಬಹಳ ವಯಸ್ಸಾಗಿ ಶಕ್ತಿಗುಂದಿದವರಲ್ಲಿ ಮಾತ್ರ, ವಿಕಿರಣವೋ ಔಷಧವೋ ಎಂಬ ಆಯ್ಕೆಯಲ್ಲಿ ಈ ಗುರುತಿಗೆ ಹೆಚ್ಚಿನ ತೂಕವುಂಟು.

ಹೋಲಿಕೆಗೂ ಒಂದು ಮಿತಿಯಿದೆ. ಪರಮಾಣುವಿಗೆ ಮುಪ್ಪಿಲ್ಲ, ನಿನ್ನೆ ಉಳಿದುಕೊಂಡ ಪರಮಾಣು ಇಂದು ಹೊಸತರಂತೆಯೇ ಇರುತ್ತದೆ. ಮನುಷ್ಯನು ಹಾಗಲ್ಲ. ರೋಗಿಯ ವಯಸ್ಸು, ಅವನು ತನ್ನ ಕೆಲಸವನ್ನು ತಾನು ಮಾಡಿಕೊಳ್ಳಬಲ್ಲನೆ ಎಂಬುದು, ಶಸ್ತ್ರಚಿಕಿತ್ಸಕನು ಗಡ್ಡೆಯನ್ನು ಎಷ್ಟರ ಮಟ್ಟಿಗೆ ತೆಗೆಯಲು ಸಾಧ್ಯವಾಯಿತೆಂಬುದು, ಇವೂ ಆಯುಸ್ಸಿನ ಅಂದಾಜಿಗೆ ಸೇರುತ್ತವೆ. ಹುಡುಗನ ತಂದೆಯದು ಇವುಗಳಲ್ಲಿ ಎರಡರ ಮಟ್ಟಿಗೆ ಅನುಕೂಲವಾಗಿಯೇ ಇತ್ತು. ಆರು ವಾರಗಳ ವಿಕಿರಣಕ್ಕೆ ಮಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡರು. ಮಾತ್ರೆಗಳನ್ನೂ ತೆಗೆದುಕೊಂಡರು.

ಇದನ್ನು ಬರೆಯುವ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಿ ಹದಿನಾರು ತಿಂಗಳು ಕಳೆದಿವೆ. ಮೇಣದ ಬಿಲ್ಲೆ ಆಸ್ಪತ್ರೆಯ ಕಪಾಟಿನಲ್ಲಿಯೇ ಇದೆ. ಹೊಸ ಗುರುತೊಂದು ತಿಳಿದುಬಂದರೆ ಅದನ್ನು ಮತ್ತೆ ಹೊರತೆಗೆದು ಪ್ರಶ್ನಿಸಬಹುದು. ಮುಂದಿನ ಎಂ.ಆರ್.ಐ. ಚಿತ್ರಕ್ಕೆ ದಿನ ಗೊತ್ತಾಗಿದೆ. ತಂದೆಗೆ ಬಲಗೈ ಇನ್ನೂ ಪೂರ್ತಿ ಬಂದಿಲ್ಲವೆಂದೂ, ಎಡಗೈಯಿಂದಲೇ ಅಂಗಳದ ಅಡಿಕೆಯನ್ನು ಹೆಕ್ಕುತ್ತಾರೆಂದೂ ಹುಡುಗನು ಕಳೆದ ವಾರ ಹೇಳಿದನು.